ಗೋಳಿ ಮರದ ನೆರಳಿನ ಪಾಲು: ಮಂಗಳೂರಿನ ಒಂದು ಬಸ್ ಸ್ಟಾಪಿನ ಪ್ರಕರಣ ಅಧ್ಯಯನ

ಮೊಣಕಾಲು ನೋವಿಗೆ ಫಿಸಿಯೋಥೆರಪಿ ಅಂತ ಏಪ್ರಿಲ್ ಮೊದಲ ವಾರದಿಂದ ಜೂನ್ ನಡುವಿನವರೆಗೆ ವಾರಕ್ಕೆ ಮೂರು ದಿನ ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಸೋಮವಾರ, ಬುಧವಾರ, ಶುಕ್ರವಾರ. 3 ಗಂಟೆಗೆ ಒಳಗೆ ಹೋದರೆ 4 ಗಂಟೆಗೆ ಹೊರಗೆ. ಆಮೇಲೆ ಗೇಟಿನ ಹತ್ತಿರದ ಬಸ್ ಸ್ಟಾಪಿನಲ್ಲಿ ಕಾಯುವುದು. ನಮ್ಮ ಕಡೆಯ ಬಸ್ಸು ಕೆಲವು ದಿನ ಕೂಡಲೇ ಬರುತ್ತದೆ, ಕೆಲವು ದಿನ ಮುಕ್ಕಾಲು ಗಂಟೆ ಬರುವುದಿಲ್ಲ. ಮೊಬೈಲ್ ನೋಡಿದರೆ ಕುತ್ತಿಗೆ ನೋವು. ಹಾಗಾಗಿ ಜನರನ್ನು ನೋಡಲು ಶುರು ಮಾಡಿದೆ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೌಂಟರಿನ ಈಚೆ ಕೂತವಳು. ಕ್ಯಾಶ್ ತೆಗೆಯಲು ಬಂದವರಿಗೆ ಹಿತ್ತಾಳೆ ಟೋಕನ್ ಕೊಡುತ್ತಿದ್ದ ಕಾಲದಿಂದ ಕಂಪ್ಯೂಟರ್ ಕಾಲದವರೆಗೆ. ಜನ ಹೇಗೆ ನಿಲ್ಲುತ್ತಾರೆ, ಯಾರು ಯಾರನ್ನು ತಳ್ಳುತ್ತಾರೆ, ಯಾರು ತಳ್ಳಿಸಿಕೊಂಡೂ ಸುಮ್ಮನಿರುತ್ತಾರೆ ಎಂದು ನೋಡಿ ನೋಡಿ ಕಣ್ಣು ಪಳಗಿದೆ. ಆ ಕಣ್ಣಿಗೆ ಈ ಸ್ಟಾಪಿನಲ್ಲಿ ಮೊದಲ ದಿನವೇ ಒಂದು ವಿಚಿತ್ರ ಕಂಡಿತು. ಹೊಸ ಸ್ಟೀಲಿನ ಬಸ್ ಶೆಲ್ಟರ್ ಉಂಟು, ಅದರಲ್ಲಿ ಒಬ್ಬರೂ ಇಲ್ಲ. ಅದರಿಂದ 22 ಹೆಜ್ಜೆ ಹಿಂದೆ ಒಂದು ಗೋಳಿ ಮರ ಉಂಟು, ಅದರ ಕೆಳಗೆ ಜಾತ್ರೆ.

ಸ್ಟಾಪಿನ ಹೆಸರು ಬರೆಯುವುದಿಲ್ಲ. ಮರದ ಕೆಳಗೆ ಒಬ್ಬ ಬೊಂಡದ, ಅಂದರೆ ಎಳನೀರಿನ, ವ್ಯಾಪಾರಿ ಇದ್ದಾನೆ. ನನ್ನ ಬರಹದಿಂದ ಅವನ ಗಾಡಿಗೆ ತೊಂದರೆ ಆಗುವುದು ಬೇಡ.

ಯಾಕೆ ಶೆಲ್ಟರ್ ಖಾಲಿ?

ಇದಕ್ಕೆ ಉತ್ತರ ಸಿಗಲು ಎರಡು ದಿನ ಸಾಕಾಯಿತು. ರಸ್ತೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಸ್ಟಾಪು ಪೂರ್ವದ ಬದಿಯಲ್ಲಿ. ಹಿಂದೆ ಹಳೆಯ ಮುರಕಲ್ಲಿನ ಕಾಂಪೌಂಡು. ಶೆಲ್ಟರಿನ ಬೆನ್ನು ಕಾಂಪೌಂಡಿಗೆ, ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಬಿಸಿಲು ಬೆನ್ನಿನ ಕಡೆಯಿಂದ ಬರುತ್ತದೆ, ಒಳಗೆ ತಂಪು. ಒಂದು ದಿನ ಬೆಳಿಗ್ಗೆ ರಕ್ತಪರೀಕ್ಷೆಗೆಂದು ಬಂದಾಗ ನೋಡಿದೆ, ಶೆಲ್ಟರ್ ತುಂಬಿತ್ತು. ಪ್ಲಾನ್ ಮಾಡಿದವರೂ ಬೆಳಿಗ್ಗೆಯೇ ಬಂದು ನೋಡಿಕೊಂಡು ಹೋಗಿರಬೇಕು.

ಸಂಜೆ 4 ಗಂಟೆಗೆ ಬಿಸಿಲು ಎದುರಿನಿಂದ ಓರೆಯಾಗಿ ಒಳಗೆ ನುಗ್ಗುತ್ತದೆ. ಛಾವಣಿ ಇದ್ದೂ ಇಲ್ಲದ ಹಾಗೆ. ಸ್ಟೀಲಿನ ಬೆಂಚು ಕಾವಲಿಯಾಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಮಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12.30ರ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳು ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಆಗ ಈ ಛಾವಣಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಹೊತ್ತಿಗೆ ಕಾಯುವವರೇ ಕಮ್ಮಿ. ಆಸ್ಪತ್ರೆಯ ಶಿಫ್ಟು ಬಿಡುವುದು, ಕಾಲೇಜು ಬಿಡುವುದು, ನನ್ನಂಥವರ ಕಾಲು ಎಳೆದು ಮುಗಿಯುವುದು ಎಲ್ಲ ಸಂಜೆ.

ಗೋಳಿ ಮರದ ನೆರಳಾದರೋ ಸಂಜೆ ಹೊತ್ತಿಗೆ ಫುಟ್‌ಪಾತಿನ ಮೇಲೆಯೇ ಬೀಳುತ್ತದೆ. ಕಾಂಪೌಂಡಿನ ಗೋಡೆಯವರೆಗೆ ಹಾಸಿದ ಚಾಪೆಯ ಹಾಗೆ. 5.30 ಆದ ಮೇಲೆ ಎದುರಿನ ಎತ್ತರದ ಕಟ್ಟಡದ ನೆರಳು ಇಡೀ ರಸ್ತೆಗೆ ಬರುತ್ತದೆ. ಆಮೇಲೆ ಯಾರು ಎಲ್ಲಿ ನಿಂತರೂ ಒಂದೇ. ಅಂದರೆ ನೆರಳಿಗೆ ಬೆಲೆ ಇರುವುದು 4ರಿಂದ 5.30ರವರೆಗೆ. ನಾನು ನೋಡಿದ್ದು ಹೆಚ್ಚಾಗಿ ಈ ಒಂದೂವರೆ ಗಂಟೆ.

ಇದರಲ್ಲಿ ಇನ್ನೊಂದು ಸುಳಿ ಉಂಟು. ಜನ ಮರದ ಕೆಳಗೆ ನಿಂತದ್ದಕ್ಕೆ ಬಸ್ಸು ಅಲ್ಲಿ ನಿಲ್ಲುತ್ತದೆ. ಬಸ್ಸು ಅಲ್ಲಿ ನಿಲ್ಲುವುದಕ್ಕೆ ಜನ ಅಲ್ಲಿ ನಿಲ್ಲುತ್ತಾರೆ. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಅವಕ್ಕೆ ಟೈಮಿಂಗ್ ಅನ್ನುವುದು ದೇವರಿಗಿಂತ ದೊಡ್ಡದು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನ ಜೊತೆ ಜಗಳ. ಹಾಗಾಗಿ ಡ್ರೈವರ್ ಬೋರ್ಡ್ ನೋಡುವುದಿಲ್ಲ, ತಲೆಗಳನ್ನು ನೋಡುತ್ತಾನೆ. ಶೆಲ್ಟರಿನಲ್ಲಿ ಒಬ್ಬರೇ ಕೂತಿದ್ದರೆ ಅವರು ಎದ್ದು ಓಡಬೇಕು.

ಬಾಗಿಲಿನ ಲೆಕ್ಕ

ದೂರದಿಂದ ನೋಡಿದರೆ ಮರದ ಕೆಳಗಿರುವುದು ಬರೀ ಗುಂಪು. ಒಂದು ವಾರ ನೋಡಿದ ಮೇಲೆ ಗುಂಪಿನೊಳಗೆ ಕೋಣೆಗಳು ಕಾಣಿಸತೊಡಗಿದವು.

ನಡುವೆ ಬೊಂಡದ ಗಾಡಿ. ಗಾಡಿಯಿಂದ ಮುಂದೆ, ಶೆಲ್ಟರಿನ ಕಡೆಗೆ, ಹೆಂಗಸರು. ಗಾಡಿಯಿಂದ ಹಿಂದೆ ಗಂಡಸರು. ಹೀಗೆ ನಿಲ್ಲಿ ಎಂದು ಯಾರೂ ಹೇಳಿದ್ದಲ್ಲ, ಬೋರ್ಡೂ ಇಲ್ಲ. ನಮ್ಮ ಸಿಟಿ ಬಸ್ಸಿಗೆ ಎರಡು ಬಾಗಿಲು. ಹೆಂಗಸರು ಎದುರಿನ ಬಾಗಿಲಲ್ಲಿ ಹತ್ತುವುದು, ಗಂಡಸರು ಹಿಂದಿನದರಲ್ಲಿ. ಬಸ್ಸು ನಿಂತಾಗ ಎದುರಿನ ಬಾಗಿಲು ಎಲ್ಲಿ ಬರುತ್ತದೋ ಅಲ್ಲಿ ಹೆಂಗಸರು ಮೊದಲೇ ನಿಂತಿರುತ್ತಾರೆ. ಇನ್ನೂ ಬಾರದ ಬಸ್ಸಿನ ಬಾಗಿಲುಗಳು ಫುಟ್‌ಪಾತನ್ನು ಮೊದಲೇ ಪಾಲು ಮಾಡಿರುತ್ತವೆ. ಇದು ಹೊಳೆದಾಗ ನನಗೇ ನಗು ಬಂತು. ನಾನೂ ದಿನಾ ಅದೇ ಮಾಡುತ್ತಿದ್ದೆ, ಗೊತ್ತಿರಲಿಲ್ಲ.

ಗೋಡೆಯ ಬದಿ ವಯಸ್ಸಾದವರಿಗೆ. ಅಲ್ಲಿ ಕಾಂಪೌಂಡಿನ ಕಲ್ಲು ಒಂದು ಕಡೆ ಜರಿದು ಮೊಣಕಾಲೆತ್ತರದ ಮೆಟ್ಟಿಲಿನ ಹಾಗೆ ಆಗಿದೆ. ಮೂರು ಜನ ಕೂರಬಹುದು, ಒತ್ತಿದರೆ ನಾಲ್ಕು. ಅದು ಇಡೀ ಸ್ಟಾಪಿನ ಅತಿ ಒಳ್ಳೆಯ ಸೀಟು. ನಾನು ಕಾಲು ಎಳೆದುಕೊಂಡು ಬಂದ ಮೊದಲ ದಿನ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಎದ್ದು, ಮಾತಾಡದೆ, ಕಣ್ಣಲ್ಲೇ ಕಲ್ಲು ತೋರಿಸಿದಳು. ಮಲಯಾಳದ ಹುಡುಗಿ ಇರಬೇಕು, ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಕೂತ ಅಜ್ಜಿ ಮಾತ್ರ "ಕುಲ್ಲುಲೆ ಅಮ್ಮ, ಒಂತೆ ಜಾಗೆ ಉಂಡು" (ಕೂತುಕೊಳ್ಳಿ ಅಮ್ಮ, ಸ್ವಲ್ಪ ಜಾಗ ಉಂಟು) ಎಂದು ಸೀರೆ ಸೆರಗು ಎಳೆದುಕೊಂಡರು. ಜಾಗ ಒಂದು ಗೇಣು ಇತ್ತೋ ಇಲ್ಲವೋ. ಆದರೂ ನಾನು ಕೂತೆ.

ಮರದ ಬುಡದ ಎಡಕ್ಕೆ ನೆರಳಿನಲ್ಲೇ ಒಂದು ಖಾಲಿ ವೃತ್ತ. ಎಷ್ಟು ರಶ್ ಇದ್ದರೂ ಅಲ್ಲಿ ಯಾರೂ ನಿಲ್ಲುವುದಿಲ್ಲ. ಒಂದು ದಿನ ಬಿಳಿ ಶರ್ಟು ಹಾಕಿದ ಯುವಕನೊಬ್ಬ, ಮೆಡಿಕಲ್ ರೆಪ್ ಇರಬೇಕು, ಇಷ್ಟು ಒಳ್ಳೆಯ ಜಾಗ ಯಾಕೆ ಬಿಟ್ಟಿದ್ದಾರೆ ಎಂದು ಹೋಗಿ ನಿಂತ. ಮೇಲಿನ ಕೊಂಬೆಯಲ್ಲಿ ಕಾಗೆಗಳ ಸಭೆ. ಎರಡು ನಿಮಿಷಕ್ಕೆ ಉತ್ತರ ಹೆಗಲ ಮೇಲೆ ಬಿತ್ತು. ಬೊಂಡದವನು ನೀರಿನ ಬಾಟಲಿ ಕೊಟ್ಟ. ಯಾರೂ ನಗಲಿಲ್ಲ, ಅಂದರೆ ಎಲ್ಲರೂ ಬೇರೆ ಕಡೆ ತಿರುಗಿ ನಕ್ಕರು.

ಆ ಬೇರೆ ಕಡೆ ತಿರುಗುವುದು ಉಂಟಲ್ಲ, ಅದೂ ಜಾಗ ಹಂಚಿಕೊಳ್ಳುವ ಒಂದು ಉಪಾಯ. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1963ರಲ್ಲಿ ಇದರ ಬಗ್ಗೆ ಬರೆದ. ಗುರುತಿಲ್ಲದವರು ಹತ್ತಿರ ಬಂದಾಗ ಒಂದು ಕ್ಷಣ ನೋಡಿ, 'ನೀನು ಇದ್ದೀಯ, ಗೊತ್ತಾಯಿತು' ಎಂಬಂತೆ, ಆಮೇಲೆ ಕಣ್ಣು ತೆಗೆದುಬಿಡುವುದು. ನೋಡಿಯೂ ನೋಡದ ಮರ್ಯಾದೆ ಅನ್ನಬಹುದು. ಗೋಳಿ ಮರದ ಕೆಳಗೆ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತವರು ಎಲ್ಲರೂ ರಸ್ತೆಯ ಕಡೆಗೇ ಮುಖ ಮಾಡಿರುತ್ತಾರೆ. ಬಸ್ಸು ಬರುವುದನ್ನು ನೋಡಲು ಹೌದು. ಆದರೆ ಬಸ್ಸು ಬಾರದ ದಿಕ್ಕಿಗೂ ನೋಡುತ್ತಾರೆ. ಅಷ್ಟು ಹತ್ತಿರ ನಿಂತು ಮುಖಕ್ಕೆ ಮುಖ ಕೊಟ್ಟರೆ ಮಾತಾಡಬೇಕಾಗುತ್ತದೆ.

ಗುರುತಿನವರು ಸಿಕ್ಕಿದರೆ ಮಾತ್ರ ಈ ಲೆಕ್ಕ ಎಲ್ಲ ಹಾಳು. "ಎಂತ ಮಾರಾಯ್ರೆ, ಕಾಣಲಿಕ್ಕೇ ಇಲ್ಲ!" ಎಂದು ಜನ ಓಡಾಡುವ ದಾರಿಯ ನಟ್ಟನಡುವೆ ನಿಂತು ಮಾತು ಶುರು. ಬದಿಗೆ ಸರಿಯುವುದೇ ಇಲ್ಲ. ಇದು ನಮ್ಮ ಊರಿನ ಚಾಳಿ ಎಂದುಕೊಂಡಿದ್ದೆ. ಅಲ್ಲವಂತೆ. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ರಸ್ತೆ, ಚೌಕಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಅಲ್ಲಿಯವರೂ ಹಾಗೇ, ಜನ ಹೆಚ್ಚು ನಡೆಯುವ ದಾರಿಯಲ್ಲೇ ನಿಂತು ಮಾತಾಡುತ್ತಿದ್ದರು. ಅವರು ಕಂಡುಕೊಂಡ ದೊಡ್ಡ ಸತ್ಯ ಇನ್ನೂ ಸರಳ: ಜನ ಎಲ್ಲಿ ಕೂರುತ್ತಾರೆಂದರೆ ಕೂರಲು ಜಾಗ ಇದ್ದಲ್ಲಿ. ಓದಿದಾಗ, ಇದಕ್ಕೆ ಕ್ಯಾಮೆರಾ ಬೇಕಿತ್ತಾ ಅನ್ನಿಸಿತು. ಆದರೆ 1975ರಲ್ಲಿ ಆ ನಗರ ಇಂಥ ಚೌಕಗಳ ನಿಯಮವನ್ನೇ ಬದಲಾಯಿಸಿತು, ಇಷ್ಟು ಜಾಗಕ್ಕೆ ಇಷ್ಟು ಕೂರುವ ಸ್ಥಳ ಇರಲೇಬೇಕು ಎಂದು. ನಮ್ಮ ಶೆಲ್ಟರಿನಲ್ಲಿ ಕೂರುವ ಸ್ಥಳ ಉಂಟು. 4 ಗಂಟೆಗೆ ಅದರ ಮೇಲೆ ದೋಸೆ ಹೊಯ್ಯಬಹುದು, ಅಷ್ಟೆ.

ಪಾಲು ಸಿಗದವರು

ಇಲ್ಲಿಯವರೆಗೆ ಓದಿದರೆ ಮರದ ಕೆಳಗೆ ರಾಮರಾಜ್ಯ ಎಂದು ಅನ್ನಿಸಬಹುದು. ನನಗೂ ಮೊದಲ ಎರಡು ವಾರ ಹಾಗೇ ಅನ್ನಿಸಿತ್ತು.

ಪಕ್ಕದಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿತ್ತು. ಅಲ್ಲಿಂದ ನಾಲ್ಕೈದು ಹುಡುಗರು 4.30ಕ್ಕೆ ಸ್ಟಾಪಿಗೆ ಬರುತ್ತಿದ್ದರು. ಉತ್ತರ ಭಾರತದವರು, ಹಿಂದಿಯಲ್ಲಿ ಮಾತಾಡುವವರು. ಬಟ್ಟೆಯಲ್ಲಿ ಸಿಮೆಂಟ್. ಅವರು ನೆರಳಿನ ಗೆರೆಯ ಆಚೆ, ಬಿಸಿಲಲ್ಲೇ ನಿಲ್ಲುತ್ತಿದ್ದರು. ಒಳಗೆ ಜಾಗ ಇದ್ದ ದಿನವೂ. ಬೇಡ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಯಾರೂ ಹೇಳಿರಲಿಲ್ಲ, ನಾನು ಸೇರಿ. ನೋಡಿಯೂ ನೋಡದ ಮರ್ಯಾದೆ ಎಂದು ಮೇಲೆ ಹೊಗಳಿದೆನಲ್ಲ, ಅದೇ ಇಲ್ಲಿ ಸುಮ್ನೆ ನೋಡದೇ ಇರುವುದಾಗುತ್ತದೆ. ಎರಡಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಳಿ ಕೋಲು ಹಿಡಿದ ಒಬ್ಬರು ದಿನಾ ಬರುತ್ತಿದ್ದರು. ಫುಟ್‌ಪಾತಿನಲ್ಲಿ ಕಣ್ಣು ಕಾಣದವರಿಗೆಂದು ಹಾಕಿದ ಹಳದಿ ಉಬ್ಬು ಟೈಲ್ಸ್ ಉಂಟು. ಅದನ್ನು ಕೋಲಿನಿಂದ ಹಿಡಿದು ಬರುತ್ತಾರೆ. ಟೈಲ್ಸ್ ನೇರ ಬಂದು ಬೊಂಡದ ಗಾಡಿಯ ಎಡ ಚಕ್ರಕ್ಕೆ ಮುಟ್ಟುತ್ತದೆ. ಅಲ್ಲಿ ಅವರು ನಿಂತು, ಕೋಲಿನಿಂದ ಚಕ್ರ ತಟ್ಟಿ, ಸುತ್ತಿ ಬರುವಾಗ ಒಂದು ಕಾಲು ರಸ್ತೆಗೆ ಇಳಿಯುತ್ತಿತ್ತು. ನಮ್ಮ ದೇಶದ ರಸ್ತೆ ಮಾರ್ಗಸೂಚಿಯಲ್ಲಿ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು ಎಂದು ಹೇಳಿದೆ. ಮರ, ಗಾಡಿ, ಬೊಂಡದ ರಾಶಿ, ಚಿಪ್ಪಿನ ಗೋಣಿ ಎಲ್ಲ ಕಳೆದರೆ ಇಲ್ಲಿ ಉಳಿಯುವುದು ನನ್ನ ಎರಡು ಕೈ ಚಾಚಿದಷ್ಟೂ ಇಲ್ಲ.

ಆ ವಾರ ನಾನು ಡೈರಿಯಲ್ಲಿ ಬರೆದುಕೊಂಡದ್ದು ಹೀಗೆ: "ಎಲ್ಲ ಸಮಸ್ಯೆಗೆ ಮೂಲ ಗಾಡಿ. ಗಾಡಿ ಹೋದರೆ ಎಲ್ಲರಿಗೂ ಜಾಗ." ಎಷ್ಟು ತಪ್ಪು ಬರೆದಿದ್ದೆ ಎಂದು ಮುಂದೆ ಹೇಳುತ್ತೇನೆ.

ಡೈರಿಯ ವಿಷಯ ಬಂತಲ್ಲ, ಅದರಿಂದ ಒಂದು ಎಡವಟ್ಟೂ ಆಯಿತು. ನಾನು ಕಲ್ಲಿನ ಮೇಲೆ ಕೂತು ಬರೆಯುವುದನ್ನು ಬೊಂಡದವನು ನೋಡುತ್ತಿದ್ದ. ಒಂದು ಶುಕ್ರವಾರ ಬೊಂಡ ಕೆತ್ತುತ್ತಾ, ಕತ್ತಿಯಿಂದ ಕಣ್ಣೆತ್ತದೆ ಕೇಳಿದ.

"ಅಮ್ಮ, ನೀವು ಪಾಲಿಕೆಯವರಾ?"

"ಅಲ್ಲ ಮಾರಾಯ. ಯಾಕೆ?"

"ಬರೀತಾ ಇರ್ತೀರಲ್ಲ. ಗಾಡಿ ನೋಡ್ತೀರಿ, ಬರೀತೀರಿ."

ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ನಾನು ಅವರನ್ನೆಲ್ಲ ನೋಡುತ್ತಿದ್ದೇನೆ ಎಂದುಕೊಂಡಿದ್ದೆ, ಅವನು ನನ್ನನ್ನು ನೋಡುತ್ತಿದ್ದ. ಹಿಂದಿನ ವಾರದಿಂದ ಚಿಪ್ಪಿನ ಗೋಣಿ ಗೋಡೆಯ ಬದಿಗೆ ಸರಿದದ್ದು ಯಾಕೆ ಎಂದು ಆಗ ಗೊತ್ತಾಯಿತು. ನನ್ನ ಭಯಕ್ಕೆ! ಡೈರಿ ತೋರಿಸಿದೆ. ಕಾಗೆಯ ವೃತ್ತದ ಚಿತ್ರ ನೋಡಿ ನಕ್ಕ. ಆಮೇಲೆ ಮಾತು ಬೆಳೆಯಿತು. ಹಾಸನದ ಕಡೆಯವನು, ಇಲ್ಲಿಗೆ ಬಂದು 12 ವರ್ಷ. ತುಳು ಬೊಂಡ ಮಾರುತ್ತಲೇ ಕಲಿತದ್ದು. ಗೆಂದಾಳಿ ಎಂಬ ಜಾತಿಯ ಬೊಂಡಕ್ಕೆ ಇಲ್ಲಿಯವರು ಎರಡು ರೂಪಾಯಿ ಜಾಸ್ತಿ ಕೊಡುತ್ತಾರೆ, ಅದರ ಬಣ್ಣಕ್ಕೇ ಮರುಳು ಎಂದ.

ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆ ಉಂಟು. ಸಮೀಕ್ಷೆ ಆಗಬೇಕು, ಗುರುತಿನ ಚೀಟಿ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಜನಸಂಖ್ಯೆಯ ನೂರಕ್ಕೆ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಎಂಬ ಲೆಕ್ಕವೂ ಅದರಲ್ಲಿದೆ. ಅವನ ಹತ್ತಿರ ಚೀಟಿ ಉಂಟು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಾಡಿಯ ಕೆಳಗೆ ಸಿಕ್ಕಿಸಿದ್ದಾನೆ. ಆದರೂ ಡೈರಿ ಹಿಡಿದ ಹೆಂಗಸನ್ನು ಕಂಡರೆ ಭಯ.

ಗಾಡಿ ಇಲ್ಲದ 9 ದಿನ

ಮೇ ತಿಂಗಳ ಒಂದು ಸೋಮವಾರ ಬಂದು ನೋಡಿದರೆ ಗಾಡಿ ಇಲ್ಲ. ಎತ್ತಿಕೊಂಡು ಹೋಗಿದ್ದಾರೆ ಎಂದೇ ನಾನು ತಿಳಿದೆ. ಅಜ್ಜಿಯೂ ಹಾಗೇ ಹೇಳಿದರು. "ಪಾಪ" ಎಂದು ಎಲ್ಲರೂ ಅಂದರು, ಯಾರೂ ವಿಚಾರಿಸಲಿಲ್ಲ.

ಆ ಸೋಮವಾರ ಕಂಡದ್ದನ್ನು ನಾನು ಮರೆಯುವ ಹಾಗಿಲ್ಲ. ಗಾಡಿ ಇದ್ದ ಜಾಗ ಖಾಲಿ ಇತ್ತು. ಸುತ್ತ ಜನ ತುಂಬಿದ್ದರು. ಆದರೆ ಗಾಡಿಯ ಅಳತೆಯಷ್ಟೇ ಒಂದು ಆಯತ ಹಾಗೇ ಬಿಟ್ಟಿದ್ದರು. ಮುಂದೆ ಹೆಂಗಸರು, ಹಿಂದೆ ಗಂಡಸರು, ನಡುವೆ ಇಲ್ಲದ ಗಾಡಿ. ಮನೆಯಲ್ಲಿ ಹಿರಿಯರು ಹೋದ ಮೇಲೆ ಅವರ ಕುರ್ಚಿಯಲ್ಲಿ ಕೆಲವು ದಿನ ಯಾರೂ ಕೂರುವುದಿಲ್ಲವಲ್ಲ, ಹಾಗೆ.

ಬುಧವಾರ ಆ ಆಯತದಲ್ಲಿ ಒಂದು ಸ್ಕೂಟರ್ ನಿಂತಿತ್ತು. ಬೊಂಡದ ನೀರು ಚೆಲ್ಲಿ ಕಪ್ಪಾದ ಟೈಲ್ಸಿನ ಮೇಲೆ ಸರಿಯಾಗಿ. ಶುಕ್ರವಾರ ಏಳು. ಸ್ಕೂಟರ್, ಬೈಕ್ ಎಲ್ಲ ಸೇರಿ. ಆಸ್ಪತ್ರೆಗೆ ಬಂದವರಿಗೆ ಪಾರ್ಕಿಂಗ್ ಸಿಗುವುದಿಲ್ಲ, ನೆರಳಿನ ಜಾಗ ಸಿಕ್ಕಿದರೆ ಬಿಡುತ್ತಾರಾ? ಫುಟ್‌ಪಾತಿಗೆ ಹತ್ತಿಸಲು ದಾರಿ ಮೊದಲೂ ಇತ್ತು. ಆ ದಾರಿಗೆ ಅಡ್ಡ ಇದ್ದದ್ದು ಗಾಡಿ. 12 ವರ್ಷ ಅವನು ಬೊಂಡ ಮಾರುವುದರ ಜೊತೆಗೆ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆ ನೆರಳನ್ನು ಕಾಯುತ್ತಿದ್ದ. ನಾವು ಗಾಡಿ ನಮ್ಮ ಜಾಗ ತಿಂದಿದೆ ಎಂದು ಲೆಕ್ಕ ಹಾಕುತ್ತಿದ್ದೆವು. ತಿಂದದ್ದು ಹೌದು. ಅದರ ಐದು ಪಾಲು ಉಳಿಸಿಯೂ ಇತ್ತು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಜನ ಗೋಡೆಯ ಬದಿಯಿಂದ ರಸ್ತೆಯ ಅಂಚಿಗೆ ಬಂದರು. ಅಂಚಿನಲ್ಲಿ ಜನ ಇರುವುದರಿಂದ ಬಸ್ಸು ಒಂದು ಮಾರು ದೂರ ನಿಲ್ಲತೊಡಗಿತು. ಫುಟ್‌ಪಾತಿನಿಂದ ಸೀದಾ ಬಸ್ಸಿನ ಮೆಟ್ಟಿಲಿಗೆ ಕಾಲಿಡುತ್ತಿದ್ದ ನಾನು ಈಗ ರಸ್ತೆಗೆ ಇಳಿದು ಅಲ್ಲಿಂದ ಹತ್ತಬೇಕು. ಆ ಒಂದು ಮೆಟ್ಟಿಲು ನನ್ನ ಮೊಣಕಾಲಿಗೆ ಎಷ್ಟು ದೊಡ್ಡದು ಎಂದು ನನಗೇ ಗೊತ್ತು. ಅರ್ಧದಷ್ಟು ಹೆಂಗಸರು ಶೆಲ್ಟರಿಗೆ ಹೋದರು, ಕೊಡೆ ಬಿಡಿಸಿ, ವೇಲ್ ತಲೆಗೆ ಹಾಕಿ. ಡ್ರೈವರ್ ಮಾತ್ರ ಮರದ ಹತ್ತಿರವೇ ನಿಲ್ಲಿಸುತ್ತಿದ್ದ. ಅವರು 22 ಹೆಜ್ಜೆ ಓಡಿ ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿ "ರೈಟ್" ಅಂದಾಗಿರುತ್ತಿತ್ತು.

ಮಾತಿನ ಧಾಟಿಯೂ ಬದಲಾಯಿತು. "ಒಂತೆ ಜಾಗೆ ಬುಡ್ಲೆ" (ಸ್ವಲ್ಪ ಜಾಗ ಬಿಡಿ) ಎಂದು ಕೇಳುತ್ತಿದ್ದಲ್ಲಿ ಈಗ ಮೊಣಕೈ. ಎರಡನೇ ವಾರದ ಸೋಮವಾರ ಒಂದು ಜಗಳ. ಬೈಕ್ ತೆಗೆಯಲು ಬಂದವನು ಹಾರ್ನ್ ಹಾಕಿದ, ಫುಟ್‌ಪಾತಿನ ಮೇಲೆ ನಿಂತು, ನಿಂತ ಜನರಿಗೆ. ಒಬ್ಬ ಹೆಂಗಸು ತಿರುಗಿ ಹೇಳಿದರು, ಇದು ನಡೆಯುವ ಜಾಗ ಎಂದು.

"ನಿಮ್ಮ ಅಪ್ಪಂದಾ ಜಾಗ?"

"ಅಲ್ಲ. ನಿಮ್ಮ ಅಪ್ಪಂದೂ ಅಲ್ಲ."

ಉತ್ತರ ಚೆನ್ನಾಗಿತ್ತು, ಬೈಕು ಮಾತ್ರ ಅವರ ಸೀರೆಗೆ ತಾಗಿಕೊಂಡೇ ಹೋಯಿತು. ನಾವು ಇಪ್ಪತ್ತು ಜನ ಇದ್ದೆವು. ಎಲ್ಲರೂ ಬಸ್ಸು ಬರುವ ದಿಕ್ಕಿಗೆ ನೋಡಿದೆವು.

ಕತ್ತಲೆಯ ವಿಷಯ ಬೇರೆ. ಒಂದು ದಿನ ಡಾಕ್ಟರು ತಡ ಮಾಡಿ 7 ಗಂಟೆ ಆಯಿತು. ಗಾಡಿ ಇದ್ದಾಗ ಬ್ಯಾಟರಿಯ ಒಂದು ಎಲ್‌ಇಡಿ ಬಲ್ಬು ಉರಿಯುತ್ತಿತ್ತು, ಅದರ ಬೆಳಕಿನಲ್ಲಿ ನರ್ಸಿಂಗ್ ಹುಡುಗಿಯರು ನಿಲ್ಲುತ್ತಿದ್ದರು. ಈಗ ಮರದ ಕೆಳಗೆ ಕತ್ತಲೆ, ಬೈಕುಗಳ ಸಾಲು. ಹುಡುಗಿಯರು ಆಸ್ಪತ್ರೆಯ ಗೇಟಿನ ಒಳಗೆ ವಾಚ್‌ಮ್ಯಾನ್ ಕುರ್ಚಿಯ ಹತ್ತಿರ ನಿಂತು, ಬಸ್ಸಿನ ಲೈಟ್ ಕಂಡಾಗ ಓಡುತ್ತಿದ್ದರು.

ಒಂದು ಒಳ್ಳೆಯದೂ ಆಯಿತು ಎಂದು ಹೇಳಬೇಕು. ಮೊದಲ ಎರಡು ದಿನ ಬಿಳಿ ಕೋಲಿನವರಿಗೆ ದಾರಿ ನೇರ ಇತ್ತಂತೆ. ಮೂರನೇ ದಿನದಿಂದ ಕೋಲಿಗೆ ಸಿಗುತ್ತಿದ್ದದ್ದು ಸ್ಟ್ಯಾಂಡ್ ಹಾಕಿದ ಬೈಕುಗಳು. "ಗಾಡಿಯಾದರೆ ದಿನಾ ಅಲ್ಲೇ ಇರ್ತಿತ್ತು, ಲೆಕ್ಕ ಇತ್ತು. ಇದು ದಿನಾ ಬೇರೆ" ಎಂದರು. ಅವರ ಹತ್ತಿರ ನಾನು ಮಾತಾಡಿದ್ದೇ ಅದು ಮೊದಲ ಸಲ. ಆರು ವಾರ ನೋಡಿದ್ದೆ, ಒಮ್ಮೆ ಕೇಳಿರಲಿಲ್ಲ.

ಅವನು ಬಂದ

ಹತ್ತನೇ ದಿನ, ಬುಧವಾರ, ಗಾಡಿ ಬಂತು. ಊರಲ್ಲಿ ತಂಗಿಯ ಮದುವೆ! ಯಾರೂ ಎತ್ತಿಕೊಂಡು ಹೋದದ್ದಲ್ಲ. ಗಾಡಿಯನ್ನು ಹಿಂದಿನ ಓಣಿಯ ಒಂದು ಮನೆಯಲ್ಲಿ ನಿಲ್ಲಿಸಿ ಹೋಗಿದ್ದನಂತೆ. ನಮ್ಮ "ಪಾಪ" ಎಲ್ಲ ದಂಡ.

ಜಾಗ ತಿರುಗಿ ಪಡೆಯುವುದು ಅಷ್ಟು ಸುಲಭ ಇರಲಿಲ್ಲ. ಆ ದಿನ ಆರು ಬೈಕುಗಳಿದ್ದವು. ಅವನು ಜಗಳ ಮಾಡಲಿಲ್ಲ. ಗಾಡಿಯನ್ನು ಬಿಸಿಲಲ್ಲೇ ನಿಲ್ಲಿಸಿ, ಒಂದೊಂದು ಬೈಕ್ ಹೋದ ಹಾಗೆ ಆ ಜಾಗದಲ್ಲಿ ನಾಲ್ಕು ಬೊಂಡ ಇಡುತ್ತಾ ಬಂದ. 5 ಗಂಟೆಗೆ ಬೊಂಡದ ಸಾಲು ಮರದ ಬುಡ ಮುಟ್ಟಿತು. ಬೊಂಡದ ಮೇಲೆ ಯಾರೂ ಬೈಕ್ ಹತ್ತಿಸುವುದಿಲ್ಲ.

ಆ ಹೊತ್ತಿಗೆ ನಾನು ಎರಡು ಮಾತು ಹೇಳಬೇಕೆಂದಿದ್ದೆ. ಒಂದು, ಎಡ ಚಕ್ರ ಹಳದಿ ಟೈಲ್ಸ್ ಬಿಟ್ಟು ನಿಲ್ಲಲಿ. ಅವನಿಗೆ ಆ ಟೈಲ್ಸ್ ಯಾಕೆಂದೇ ಗೊತ್ತಿರಲಿಲ್ಲ. ಡಿಸೈನ್ ಎಂದುಕೊಂಡಿದ್ದ. ಒಂದೂವರೆ ಅಡಿ ಸರಿಸಿದ. ಗಾಡಿ ಸರಿದದ್ದಕ್ಕೆ ಹೆಂಗಸರ ಬದಿಯಲ್ಲಿ ಜಾಗ ಕಮ್ಮಿಯಾಯಿತು, ಅದಕ್ಕೆ ಅಜ್ಜಿ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದರು. ಇನ್ನೊಂದು ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾಡಿಬಿಟ್ಟ. ಬಿಸಿಲಲ್ಲಿ ನಿಂತ ಸಿಮೆಂಟಿನ ಹುಡುಗರಿಗೆ ಕತ್ತಿ ಹಿಡಿದ ಕೈಯಲ್ಲೇ ಸನ್ನೆ ಮಾಡಿ, "ಅರೆ, ಇಧರ್ ಆವೋ, ಇಧರ್" ಎಂದು ಕರೆದ. ಬಿಸಿಲಲ್ಲಿ ನಿಂತವರು ಬೊಂಡ ಕುಡಿಯುತ್ತಾರೆ ಎಂಬ ವ್ಯಾಪಾರದ ಬುದ್ಧಿಯೂ ಇರಬಹುದು. ಅವರು ಬಂದರು, ಬೊಂಡ ತೆಗೆದುಕೊಳ್ಳಲಿಲ್ಲ. ಅವನು ಏನೂ ಹೇಳಲಿಲ್ಲ. ಮರುದಿನಗಳಲ್ಲಿ ಅವರು ತಾವಾಗಿಯೇ ಗೆರೆ ದಾಟಿ ಬಂದರು, ಆದರೂ ನೆರಳಿನ ಅಂಚಿನಲ್ಲೇ, ಒಂದು ಕಾಲು ಬಿಸಿಲಲ್ಲಿ.

ಸಂಬಂಧಪಟ್ಟ ಕಚೇರಿಗೆ ಶೆಲ್ಟರಿನ ಬಗ್ಗೆ ಒಂದು ಅರ್ಜಿ ಕೊಟ್ಟೆ. ಪಶ್ಚಿಮದ ಕಡೆ ಒಂದು ಇಳಿಜಾರು ಮಾಡು, ಅಂದರೆ ಛಾವಣಿ, ಹಾಕಿ ಎಂದು. ನಮ್ಮ ಹಳೆಯ ಮನೆಗಳಿಗೆ ಮಾಡು ಎಷ್ಟು ಕೆಳಗಿರುತ್ತದೆ, ಒಳಗೆ ಹೋಗುವಾಗ ತಲೆ ಬಗ್ಗಿಸಬೇಕು. ಅದು ದೇವರಿಗೆ ನಮಸ್ಕಾರ ಮಾಡಲು ಅಲ್ಲ, ಓರೆ ಬಿಸಿಲು ಮತ್ತು ಓರೆ ಮಳೆ ತಡೆಯಲು. ಅರ್ಜಿ ತೆಗೆದುಕೊಂಡರು, ಸೀಲ್ ಹಾಕಿ ಪ್ರತಿ ಕೊಟ್ಟರು. ಅಲ್ಲಿಗೆ ನಿಂತಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರು ಇದು. ಬಿಸಿಲಿಗೆ ಮರ ಎಷ್ಟು ಒಳ್ಳೆಯದೋ ಮಳೆಗೆ ಅಷ್ಟೇ ಕೆಟ್ಟದ್ದು, ಆಕಾಶದ ಮಳೆ ನಿಂತ ಮೇಲೂ ಎಲೆಯ ಮಳೆ ನಿಲ್ಲುವುದಿಲ್ಲ. ಮೊದಲ ದೊಡ್ಡ ಮಳೆಯ ದಿನ ಎಲ್ಲರೂ ಶೆಲ್ಟರಿಗೆ ಓಡಿದರು. ಸಂಜೆ ಹೊತ್ತು ಅದು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಳೆ ಪಡುವಣದ ಗಾಳಿಯ ಜೊತೆ ಬಂತು, ಸಮುದ್ರದ ಕಡೆಯಿಂದ, ನೇರ ಶೆಲ್ಟರಿನ ಬಾಯಿಗೆ. ಬೆಂಚು ಒದ್ದೆ. ಜನ ಬೆಂಚಿನ ಮೇಲೆ ಹತ್ತಿ ಬೆನ್ನಿನ ತಗಡಿಗೆ ಅಂಟಿ ನಿಂತರು. ಶಾಲೆ ಶುರುವಾಗಿತ್ತು, ಮಕ್ಕಳು ಬೇರೆ. ಕೊಡೆಗಳ ನೀರು ಪಕ್ಕದವರ ಹೆಗಲಿಗೆ.

ನನ್ನ ಫಿಸಿಯೋಥೆರಪಿಯ ಕೊನೆಯ ದಿನವೂ ಮಳೆಯೇ. ಕೊಡೆ ಹಿಡಿದು ಗೇಟಿನಿಂದ ಹೊರಗೆ ಬಂದೆ. ಬೊಂಡದ ಗಾಡಿ ಮರದ ಕೆಳಗಿರಲಿಲ್ಲ. 22 ಹೆಜ್ಜೆ ಮುಂದೆ ಹೋಗಿ ಶೆಲ್ಟರಿನ ಪಕ್ಕ ನಿಂತಿತ್ತು. ಗಾಡಿಯ ಮೇಲಿನಿಂದ ಒಂದು ನೀಲಿ ಟರ್ಪಾಲು ಶೆಲ್ಟರಿನ ಎದುರಿಗೆ ಓರೆಯಾಗಿ ಇಳಿದಿತ್ತು. ಅದರ ಇನ್ನೊಂದು ತುದಿಯನ್ನು ಹೊಸ ಸ್ಟೀಲ್ ಕಂಬಕ್ಕೆ ತೆಂಗಿನ ಹಗ್ಗದಿಂದ ಬಿಗಿದಿದ್ದರು, ಮೂರು ಸುತ್ತು ಹಾಕಿ. ಒಳಗೆ ಬೆಂಚಿನ ಮೇಲೆ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಸಿಮೆಂಟಿನ ಹುಡುಗರಲ್ಲಿ ಒಬ್ಬ, ಅವರ ಸಂತೆ ಚೀಲ ತೊಡೆಯ ಮೇಲೆ ಇಟ್ಟುಕೊಂಡು.

"ಇದು ಕಟ್ಟಲಿಕ್ಕೆ ಯಾರನ್ನಾದರೂ ಕೇಳಿದಿಯಾ?" ಅಂದೆ.

"ಮಳೆ ಬಂತಲ್ಲ ಅಮ್ಮ" ಅಂದ.

ಅಷ್ಟರಲ್ಲಿ ಬಸ್ಸು ಬಂತು. ಅಭ್ಯಾಸದಂತೆ ಮರದ ಹತ್ತಿರ ನಿಧಾನ ಮಾಡಿತು, ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮುಂದೆ ಬಂದು ಶೆಲ್ಟರಿನ ಎದುರು ನಿಂತಿತು. ಎದುರಿನ ಬಾಗಿಲು ಸ್ವಲ್ಪ ಮುಂದೆ ಹೋಗಿತ್ತು. ಹೆಂಗಸರೆಲ್ಲ ಸೆರಗು ಎತ್ತಿಕೊಂಡು ಆ ಕಡೆ ಸರಿದೆವು.

"ಎದುರು ಪೋಲೆ, ಒಂತೆ ಎದುರು ಪೋಲೆ" (ಮುಂದೆ ಹೋಗಿ, ಸ್ವಲ್ಪ ಮುಂದೆ ಹೋಗಿ) ಎಂದು ಕಂಡಕ್ಟರ್ ಕೂಗಿದ.